ಎಡೆ ಇಟ್ಟ ಜೇನು

ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಹೋಟೆಲಿನವರು ಬಿಟ್ಟುಕೊಟ್ಟಿದ್ದ ಹಿಂದಿನ ಕೋಣೆಯಲ್ಲಿ ಎರಡು ಕರೆಂಟ್ ಒಲೆ ಹಚ್ಚಿದೆ. ಒಂದರ ಮೇಲೆ ಅನ್ನ, ಇನ್ನೊಂದರ ಮೇಲೆ ಇಪ್ಪತ್ತೆರಡು ಜನರ ಕಾಫಿ. ಕಾಫಿ ಇಳಿಸಿ ರವೆ ಹುರಿದು ಉಪ್ಪಿಟ್ಟು ಮಾಡಿದೆ. ಊರಿಂದ ತಂದಿದ್ದ ಪುಳಿಯೋಗರೆ ಗೊಜ್ಜಿನ ಎರಡನೇ ಡಬ್ಬಿ ತೆಗೆದು ಅನ್ನ ಕಲಸಿದೆ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿದೆ. ಆ ಚಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಏನೂ ಹುಳಿಯಾಗುವುದಿಲ್ಲ, ಆದರೂ ಕೈ ಕೇಳಬೇಕಲ್ಲ. ಎರಡನ್ನೂ ಬಿಸಿ ಡಬ್ಬಿಗಳಿಗೆ ತುಂಬಿ ಹಗ್ಗ ಬಿಗಿದೆ. ದೇವರ ಪಟದ ಮುಂದೆ ಒಂದು ಸೌಟು ಅನ್ನ ಇಟ್ಟು ಪುಟ್ಟ ಗಂಟೆ ಆಡಿಸಿದೆ. ಪಾತ್ರೆ ತೊಳೆದೆ. ಎರಡು ಜೊತೆ ಕಾಲುಚೀಲ ಒಗೆದು ಹೀಟರಿನ ಮೇಲೆ ಹರವಿದೆ. ಮೇಲಿನ ಮಹಡಿಯಲ್ಲಿ ಜ್ವರ ಬಂದು ಮಲಗಿದ್ದವರಿಗೆ ಗ್ಲೂಕೋಸ್ ಕದಡಿ ಕುಡಿಸಿ ಬಂದೆ. ಇಷ್ಟು ಮುಗಿದಾಗ ಎಂಟು ಗಂಟೆ.

ನಾನು ಹುಣಸೂರು ತಾಲೂಕು ಕಟ್ಟೆಮಳಲವಾಡಿಯವಳು. ಪ್ರವಾಸ ಕರೆದುಕೊಂಡು ಹೋಗುವವರ ಜೊತೆ ಅಡುಗೆಗೆ ಹೋಗುತ್ತೇನೆ. ಆ ಸಲ ಯುರೋಪು. ಬಸ್ಸಿನ ತುಂಬಾ ನಮ್ಮ ಕಡೆಯವರೇ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತ ಕುಟುಂಬಗಳು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಪಿರಿಯಾಪಟ್ಟಣ ಕಡೆಯ ಕೊಪ್ಪದ ಹತ್ತಿರದ ಹಳ್ಳಿಯ ಒಬ್ಬ ತಾಯಿ, ಎಪ್ಪತ್ತಾರು ವರ್ಷ. ಬಸ್ಸಿನವರೆಲ್ಲ ಅವರನ್ನು ಅಜ್ಜಿ ಅನ್ನುತ್ತಿದ್ದರು. ನಾನು ಮಾತ್ರ ಅವ್ವ ಅಂತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ದಿನಾ ಇನ್ಸುಲಿನ್ ಸೂಜಿ. ಅದನ್ನು ಜೊತೆಗೆ ಬಂದಿದ್ದ ಮಗಳೇ ಹಾಕುತ್ತಿದ್ದರು. ಆ ದಿನ ಜ್ವರ ಬಂದು ಮಲಗಿದ್ದು ಅದೇ ಮಗಳು.

ಅವರು ಹಾಸಿಗೆಯಿಂದಲೇ ಒಂದು ನೀಲಿ ಪರ್ಸು ನನ್ನ ಕೈಗೆ ಕೊಟ್ಟರು. ಅದರೊಳಗೆ ಸಕ್ಕರೆ ನೋಡುವ ಮಿಷನ್, ಚುಚ್ಚುವ ಸೂಜಿ, ಸ್ಪಿರಿಟ್ ಹತ್ತಿ, ಇನ್ಸುಲಿನ್ ಪೆನ್ನು, ಒಂದು ಗ್ಲೂಕೋಸ್ ಪೊಟ್ಟಣ.

"ಅಕ್ಕ, ಇವತ್ತೊಂದಿನ ಅವ್ವನ್ನ ನಿಮ್ ಕೈಗ್ ಕೊಟ್ಟಿವ್ನಿ. ಸೂಜಿ ಹಾಕುದ್ ಅರ್ಧ ಗಂಟೆ ಒಳಗೆ ಊಟ ಆಗ್ಬೇಕು. ಅದೊಂದ್ ಮರೀಬೇಡಿ."

ಅವರ ತುಟಿ ಒಣಗಿ ಬಿಳಿಚಿತ್ತು. ಆ ಪರ್ಸಿನ ಗ್ಲೂಕೋಸ್ ಪೊಟ್ಟಣವನ್ನೇ ಹರಿದು ಅವರಿಗೆ ಕದಡಿ ಕುಡಿಸಿದೆ. ಕೆಳಗೆ ಹೋಗಿ ಇನ್ನೊಂದು ಪೊಟ್ಟಣ ಇಡಬೇಕು ಅಂದುಕೊಂಡೆ. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಡಬ್ಬಿ ಹೊರಿಸುವ ಗಲಾಟೆಯಲ್ಲಿ ಮರೆತೆ.

ಆ ದಿನ ನೋಡಬೇಕಾಗಿದ್ದದ್ದು ಒಂದು ಹಳೇ ಊರಿನ ದೊಡ್ಡ ಚರ್ಚು. ಮೈಸೂರಿನಲ್ಲೂ ಚೂಪು ಗೋಪುರದ ಚರ್ಚಿದೆ, ಅದಕ್ಕಿಂತ ತುಂಬ ಹಿಂದಿನದು ಇದು, ಕಟ್ಟಲು ಶುರು ಮಾಡಿ ಏಳುನೂರು ವರ್ಷ ಆಯಿತು, ಶುರು ಮಾಡಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಮುಗಿಸಿದರು ಅಂತ ಮ್ಯಾನೇಜರ್ ಬಸ್ಸಿನಲ್ಲಿ ಮೈಕು ಹಿಡಿದು ಹೇಳಿದರು. ಈ ಮ್ಯಾನೇಜರ್ ಮೈಸೂರಿನವರು, ನಮ್ಮ ಪ್ರವಾಸದ ಹೊಣೆಯೆಲ್ಲ ಅವರದೇ. ಅಜ್ಜಿಗೆ ಮಂಡಿ ನೋವು, ಬಸ್ಸಿಳಿಯಲಿಲ್ಲ. ಮಿಕ್ಕವರು ಹೋದರು. ನಾನು ಅಜ್ಜಿ ಜೊತೆ ಉಳಿದು, ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತೆ.

ಹನ್ನೊಂದೂಕಾಲಿಗೆ ಮ್ಯಾನೇಜರ್ ವಾಪಸ್ ಬಂದರು. "ಹನ್ನೊಂದೂಮುಕ್ಕಾಲಿಗೆ ಊಟ ಬಡಿಸೋಣ ಅಕ್ಕ, ಇಲ್ಲೇ ಪಾರ್ಕಿಂಗ್‌ನಲ್ಲಿ" ಅಂದರು. ಲೆಕ್ಕ ಹಾಕಿದೆ. ಹನ್ನೊಂದೂವರೆಗೆ ಸರಿಯಾಗಿ ಅಜ್ಜಿಯ ಹೊಟ್ಟೆಯ ಮೇಲೆ ಹತ್ತಿ ಒರೆಸಿ, ಮಗಳು ಹೇಳಿದಷ್ಟೇ ಪೆನ್ನು ತಿರುಗಿಸಿ, ಚುಚ್ಚಿ, ಹತ್ತು ಎಣಿಸಿ ತೆಗೆದೆ. ಇದು ನಾನು ಮಾಡಿದ ತಪ್ಪು. ತಟ್ಟೆ ಮುಂದೆ ಬರುವ ತನಕ ಸೂಜಿ ಹಾಕಬಾರದಾಗಿತ್ತು.

ಎರಡೇ ನಿಮಿಷಕ್ಕೆ ನಮ್ಮ ಗುಂಪಿನವರು ಒಬ್ಬೊಬ್ಬರೇ ಬಂದರು. ಎಲ್ಲರ ಮುಂದೆ ಕೆ.ಆರ್. ನಗರದ ಹೊಸ ಅಗ್ರಹಾರದ ಭತ್ತ ಬೆಳೆಯುವ ಯಜಮಾನರು. ಮೈ ದಪ್ಪ, ದನಿ ಅದಕ್ಕಿಂತ ದಪ್ಪ. ದಾರಿಯುದ್ದಕ್ಕೂ ನಗಿಸುತ್ತಿದ್ದವರು.

"ಅಜ್ಜೀ, ನೀವ್ ನೋಡ್ಲೇಬೇಕು ಕಣಜ್ಜಿ. ನಮ್ ಹುಣಸೂರೋರು ಕತ್ತೆತ್ತಿ ನೋಡ್ಬುಟ್ಟು ಏನಂದ್ರು ಗೊತ್ತಾ? ಇಷ್ಟೆತ್ತರದ ಬ್ಯಾರನ್ ಕಾಯ್ಸಕ್ಕೆ ಎಷ್ಟ್ ಲೋಡ್ ಸೌದೆ ಬೇಕ್ಲಾ ಅಂದ್ರು!"

ತಂಬಾಕಿನ ಎಲೆ ಬೇಯಿಸುವ ಎತ್ತರದ ಗೂಡಿಗೆ ನಮ್ಮಲ್ಲಿ ಬ್ಯಾರನ್ ಅನ್ನುತ್ತಾರೆ. ಹುಣಸೂರಿನವರು ಹಿಂದಿನಿಂದ, "ಅಂದೆ ಕಣ್ಲಾ, ಏನೀಗ? ಗಾಳಿಕಿಂಡಿ ಮಾತ್ರ ಸರ್ಯಾಗ್ ಬುಟ್ಟಿಲ್ಲ" ಅಂದರು.

ಅಜ್ಜಿಯೂ ನಕ್ಕರು. ಅಷ್ಟಕ್ಕೇ ನಿಂತಿದ್ದರೆ ಊಟ ಆಗಿಬಿಡುತ್ತಿತ್ತು. ಯಜಮಾನರು ಮುಂದುವರಿಸಿದರು: "ಸುಗ್ಗಿ ಮುಗೀತಲ್ಲ ಇಲ್ಲಿ. ಬೆಳ್ದದ್ನೆಲ್ಲ ತಂದು ದೇವ್ರ ಮುಂದೆ ಎಡೆ ಇಟ್ಟವ್ರೆ. ಗೋದಿ ತೆನೆ, ಕುಂಬ್ಳಕಾಯಿ, ಆಲೂಗೆಡ್ಡೆ. ಕೋಸು ನೋಡ್ಬೇಕು, ನನ್ ತಲೆಗಿಂತ ದಪ್ಪ."

ಅಜ್ಜಿ ಎದ್ದು ನಿಂತರು. "ಬೆಳ್ದದ್ದ ಇಟ್ಟವ್ರಾ? ನಡೀ ಮಗ, ಒಂದ್ ಸುತ್ತು ಬಂದ್ಬುಡನ."

"ಸೂಜಿ ಹಾಕೀನಿ ಅವ್ವ. ಉಂಡ್ಮೇಲೆ ಹೋಗೋಣ."

"ಉಂಡ್ಬುಟ್ಟು ದೇವ್ರ ತಾವ್ಕೆ ಓಯ್ತಾರಾ ಯಾರಾದ್ರೂವೆ? ಸಮುದ್ರ ದಾಟ್ ಬಂದು, ಬಾಗ್ಲಲ್ಲಿ ಕುಂತು ಉಂಡ್ಕಂಡ್ ಓಗದಾ?"

ಊಟಕ್ಕೆ ಮುಂಚೆ ದೇವರು, ನಾನೂ ಹಾಗೇ ಬೆಳೆದವಳು. ಮ್ಯಾನೇಜರ್, "ಹತ್ತೇ ನಿಮಿಷ ಅಕ್ಕ. ಅಷ್ಟರಲ್ಲಿ ನಾನೇ ಬಡಿಸೋಕೆ ಶುರು ಮಾಡ್ತೀನಿ, ಅಜ್ಜಿ ತಟ್ಟೆ ತೆಗೆದಿಟ್ಟಿರ್ತೀನಿ" ಅಂದರು. ಯಜಮಾನರು ದಾರಿ ತೋರಿಸುತ್ತೇನೆ ಅಂತ ಜೊತೆಗೆ ಬಂದರು. ನೀಲಿ ಪರ್ಸು ಕುತ್ತಿಗೆಗೆ ಹಾಕಿಕೊಂಡು ಹೊರಟೆ.

ಬಾಗಿಲಲ್ಲಿ ಅಜ್ಜಿ ಬೂಟು ಬಿಚ್ಚಿದರು. ಬೇಡ ಅಂದರೂ ಕೇಳಲಿಲ್ಲ. ಅವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡೆ. ಒಳಗೆ ಕಾಲಿಟ್ಟಾಗ ಮೊದಲು ತಿಳಿದದ್ದು ತಣ್ಣಗಿನ ಕಲ್ಲಿನ ವಾಸನೆ. ಆಮೇಲೆ ಎತ್ತರ. ಕಂಬಗಳು ನೆಲದಿಂದ ಒಂದೇ ಓಟಕ್ಕೆ ಮೇಲೆ ಹೋಗಿ, ಕೊಡೆಯ ಕಡ್ಡಿಗಳ ಹಾಗೆ ಬಿಚ್ಚಿಕೊಂಡು, ಎದುರಿನ ಕಂಬದ ಕಡ್ಡಿಗಳನ್ನು ತುದಿಯಲ್ಲಿ ಮುಟ್ಟುತ್ತಿದ್ದವು. ಕಿಟಕಿಯ ಬಣ್ಣದ ಗಾಜಿನಿಂದ ನೆಲದ ಮೇಲೆ ಕೆಂಪು, ನೀಲಿ ಬೆಳಕು ಬಿದ್ದಿತ್ತು. ಅಜ್ಜಿ ಅದನ್ನು ತುಳಿಯದೆ, ರಂಗೋಲಿ ದಾಟುವವರ ಹಾಗೆ ಪಕ್ಕಕ್ಕೆ ಕಾಲಿಟ್ಟು ನಡೆದರು.

ದೇವರ ಪೀಠದ ಹಿಂದೆ ಅರ್ಧ ಚಂದ್ರದಂತೆ ಬಾಗಿದ ಒಂದು ಓಣಿ. ನಮ್ಮ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಪ್ರದಕ್ಷಿಣೆಗೆ ಬಿಟ್ಟಿರುತ್ತಾರಲ್ಲ, ಹಾಗೆ. ಓಣಿಯ ಹೊರಗೋಡೆಯುದ್ದಕ್ಕೂ ಗೂಡಿನಂಥ ಚಿಕ್ಕ ಚಿಕ್ಕ ಕೋಣೆಗಳು. ಓಣಿಯ ಎರಡು ತುದಿಯಲ್ಲೂ ಎರಡಾಳು ಎತ್ತರದ ಕಬ್ಬಿಣದ ಜಾಲರಿ ಬಾಗಿಲು, ಆಗ ತೆರೆದಿದ್ದವು. ನೋಡುವವರು ಬಲಗಡೆ ಬಾಗಿಲಿಂದ ಹೋಗಿ ಎಡಗಡೆ ಬಾಗಿಲಿಂದ ಬರಬೇಕು ಅಂತ ಬಾಣದ ಗುರುತು ಹಾಕಿದ್ದರು.

"ಇದೇನ್ ಮಗ, ಉಲ್ಟಾ ಸುತ್ತಿಸ್ತಾವ್ರಲ್ಲ! ನಮ್ ಬೈಲುಕುಪ್ಪೆ ಲಾಮಾಗಳೂ ದೇವ್ರನ್ನ ಬಲಕ್ಕಿಟ್ಕಂಡೇ ಸುತ್ತದು. ನಾನ್ ಅಂಗ್ ಬರಕ್ಕಿಲ್ಲ."

ಹೀಗೆ ಎದುರು ಬರುವವರಿಗೆ ದಾರಿ ಬಿಡುತ್ತಾ ನಾವು ಎಡಗಡೆಯಿಂದ ಹೊಕ್ಕೆವು. ಒಂದು ಸುತ್ತು ಮುಗಿದು ಪೀಠದ ಮುಂದಕ್ಕೆ ಬಂದಾಗ ಹನ್ನೊಂದು ನಲವತ್ತೈದು. ಅಜ್ಜಿ ಕೈಮುಗಿದು ಮತ್ತೆ ಎಡಕ್ಕೆ ತಿರುಗಿದರು. "ಒಂದೇ ಸುತ್ತು ಯಾರ್ ಬತ್ತಾರೆ?" ಅಂದರು. ನಾನು ಗಡಿಯಾರ ನೋಡಿದೆ. ಗಟ್ಟಿಯಾಗಿ ಬೇಡ ಅನ್ನಬೇಕಾಗಿತ್ತು. ಇದು ಎರಡನೇ ತಪ್ಪು.

ಎರಡನೇ ಸುತ್ತಿನಲ್ಲಿ, ಪೀಠದ ನೇರ ಹಿಂದಿನ ಗೂಡಿಗೆ ಹೋದೆವು. ಆ ಸುಗ್ಗಿಯ ಎಡೆ ಇಟ್ಟಿದ್ದದ್ದು ಅಲ್ಲಿ. ಮೂರು ಮೆಟ್ಟಿಲ ಮೇಲೆ ಗೋಧಿ ತೆನೆಯ ಕಟ್ಟು, ಕುಂಬಳಕಾಯಿ, ಸೇಬು, ದ್ರಾಕ್ಷಿ ಗೊಂಚಲು, ಕ್ಯಾರೆಟ್, ಒಂದು ದೊಡ್ಡ ರೊಟ್ಟಿ, ಜೇನಿನ ಬಾಟಲಿಗಳು. ಮುಂದೆ ಒಂದು ಕೆಂಪು ಹಗ್ಗ. ಯಜಮಾನರು ಕೋಸಿನ ಸೈಜು ಕೈಯಲ್ಲಿ ತೋರಿಸುತ್ತಿದ್ದರು. ಆಗ ಕೈಗಂಟೆ ಕೇಳಿಸಿತು. ಟಿಣಿ ಟಿಣಿ ಟಿಣಿ, ಬಿಡದೆ.

"ಮಂಗಳಾರ್ತಿ" ಅಂದರು ಅಜ್ಜಿ.

ಮೂವರೂ ಕೈಮುಗಿದು ಕಣ್ಣು ಮುಚ್ಚಿದೆವು. ಯಜಮಾನರು ಉಣ್ಣೆ ಟೋಪಿ ತೆಗೆದರು. ಆ ಗಂಟೆ ಬಾಗಿಲು ಹಾಕುತ್ತೇವೆ, ಎಲ್ಲರೂ ಹೊರಡಿ ಅಂತ ಬಾರಿಸುವ ಗಂಟೆ. ಅಲ್ಲಿನವರೆಲ್ಲ ಅದನ್ನು ಕೇಳಿ ಹೊರಗೆ ನಡೆದಿದ್ದಾರೆ. ನಾವು ಅದನ್ನು ಕೇಳಿ ಅಲುಗಾಡದೆ ನಿಂತಿದ್ದೇವೆ, ಗಂಟೆ ನಿಲ್ಲುವ ತನಕ ಕಣ್ಣು ಬಿಡಬಾರದು ಅಂತ. ಬೀಗ ಹಾಕುವವರು ಒಂದು ಸಲ ಇಣುಕಿರಬೇಕು. ಗೂಡಿನ ಒಳಗೆ, ಕಂಬದ ಮರೆಯಲ್ಲಿ, ಕಪ್ಪು ಕೋಟು, ಸ್ವೆಟರಿನ ಮೂವರು ಉಸಿರು ಬಿಗಿಹಿಡಿದು ನಿಂತವರು ಯಾರಿಗೆ ಕಾಣುತ್ತಾರೆ?

ಗಂಟೆ ನಿಂತಿತು. ಕಬ್ಬಿಣದ ಸದ್ದು ಒಂದು ಕಡೆ ಆಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ. ಅಜ್ಜಿ ಕಣ್ಣಿಗೆ ಕೈ ಒತ್ತಿಕೊಂಡು, "ಆಯ್ತು, ನಡೀರಿ" ಅಂದರು.

ಬಾಗಿಲ ಹತ್ತಿರ ಮೊದಲು ಹೋದವರು ಯಜಮಾನರು. "ಅಕ್ಕ, ಬೀಗ ಆಕ್ಬುಟ್ಟವ್ರೆ ಕಣಕ್ಕ!"

"ನೂಕಿ ನೋಡಿ ಅಣ್ಣ."

"ನೂಕಾಯ್ತು. ಇದೇನ್ ನಮ್ ಕೊಟ್ಗೆ ಬಾಗ್ಲಾ, ಎತ್ತಿ ಪಕ್ಕಕ್ಕಿಡಕ್ಕೆ?"

ಇನ್ನೊಂದು ತುದಿಗೆ ಓಡಿದೆ. ಅಲ್ಲೂ ಬೀಗ. ಜಾಲರಿಯ ಆಚೆ ಸಾಲು ಸಾಲು ಖಾಲಿ ಬೆಂಚು, ಅಷ್ಟು ದೂರದಲ್ಲಿ ಹೊರಬಾಗಿಲು, ಅದೂ ಮುಚ್ಚಿತ್ತು. ಕೂಗಿದೆ. ನನ್ನ ಕೂಗು ಮೇಲಕ್ಕೆ ಹೋಗಿ, ಕಲ್ಲಿಗೆ ತಾಗಿ, ಒಡೆದು, ಯಾರದೋ ಕೂಗಾಗಿ ನನ್ನ ಹಿಂದಿನಿಂದ ಬಂತು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹನ್ನೆರಡಾಯಿತು. ತಲೆಯ ಮೇಲೆಲ್ಲೋ ದೊಡ್ಡ ಗಂಟೆಗಳು ಶುರುವಾದವು. ನೆಲ ಅದುರಿತು. ಎಷ್ಟೋ ಹೊತ್ತು ಹೊಡೆದವು. ನಾವು ಒಬ್ಬರ ಬಾಯಿ ಒಬ್ಬರು ನೋಡುತ್ತಾ ನಿಂತೆವು.

ಫೋನು ತೆಗೆದೆವು. ನನ್ನದು, ಯಜಮಾನರದು ಎರಡೂ ಹೋಟೆಲಿನ ವೈಫೈ ಇದ್ದಲ್ಲಿ ಮಾತ್ರ ಕೆಲಸ ಮಾಡುವಂಥವು. ಆ ದೇಶದ ಸಿಮ್ ಇದ್ದದ್ದು ಮ್ಯಾನೇಜರ್ ಹತ್ತಿರ, ಮಗಳ ಹತ್ತಿರ. ತುರ್ತಿನ ನೂರಾ ಹನ್ನೆರಡು ನಂಬರಿಗೆ ಅಲ್ಲಿನ ಸಿಮ್ ಇಲ್ಲದೆಯೂ ಕರೆ ಹೋಗಬಹುದಿತ್ತು ಅಂತ ಆಮೇಲೆ ಮ್ಯಾನೇಜರ್ ಹೇಳಿದರು. ಆಗ ಹೊಳೆಯಲಿಲ್ಲ.

ಗಂಟೆ ನಿಂತ ಕೂಡಲೇ ಇಬ್ಬರೂ ಸೇರಿ ಕೂಗೋಣ ಅಂತ ಉಸಿರು ಎಳೆದೆವು. ಅಷ್ಟರಲ್ಲಿ ಸಂಗೀತ ಶುರುವಾಯಿತು. ಹೊರಬಾಗಿಲ ಮೇಲಿನ ಅಟ್ಟದಲ್ಲಿ ಸಾವಿರ ಕೊಳವೆಯ ಒಂದು ವಾದ್ಯವಿತ್ತು. ಚರ್ಚು ಮುಚ್ಚಿದ ಹೊತ್ತಿನಲ್ಲಿ ಅದನ್ನು ನುಡಿಸುವವರು ಅಭ್ಯಾಸಕ್ಕೆ ಕೂರುತ್ತಾರಂತೆ. ಒಳಗೆ ಒಬ್ಬ ಮನುಷ್ಯ ಇದ್ದಾನೆ ಅಂತ ನಮಗೆ ಗೊತ್ತು, ನಾವಿದ್ದೇವೆ ಅಂತ ಅವನಿಗೆ ಗೊತ್ತಿಲ್ಲ. ಅವನ ಸದ್ದು ನಮ್ಮ ಎದೆಯೊಳಗೆ ಗುಮ್ಮೆನ್ನುತ್ತಿದೆ, ನಮ್ಮ ಸದ್ದು ಅವನ ಕಾಲ ಬುಡಕ್ಕೂ ಹೋಗುತ್ತಿಲ್ಲ. ಯಜಮಾನರು ಗದ್ದೆಯಲ್ಲಿ ಹಂದಿ ಓಡಿಸುವ ಕೂಗು ಹಾಕಿದರು. ಕತ್ತಿನ ನರ ಉಬ್ಬಿತು.

"ಇವ್ನ್ ಮನೆ ಹಾಳಾಗ! ಒಂದ್ ಗಳಿಗೆ ಉಸ್ರು ತಗಳ್ಳದೇ ಇಲ್ವಲ್ಲಕ್ಕ" ಅಂದರು.

ಅಜ್ಜಿ ಗೂಡಿನ ಮರದ ಬೆಂಚಿನಲ್ಲಿ ಕೂತಿದ್ದರು. "ಯಾಕ್ಲಾ ಅರಚೀಯೆ? ಮದ್ಯಾನ್ದ ಮಂಗಳಾರ್ತಿ ಆದ್ಮೇಲೆ ಬಾಗ್ಲಾಕದು ಇದ್ದದ್ದೇಯ. ಸಂಜಿಕೆ ತಗೀತಾರೆ."

ಸಂಜೆ! ನಮ್ಮ ಗುಡಿಗಳ ಲೆಕ್ಕ ಹಿಡಿದರೆ ಐದು ಗಂಟೆ. ಇಲ್ಲಿ ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ. ಜಾಲರಿಗೆ ಒಂದು ಬೋರ್ಡು ನೇತುಹಾಕಿದ್ದರು, ಅದರ ಮುಖ ಆಚೆಗೆ. ನನಗೆ ಕಂಡದ್ದು ಬರಿಯ ಮರದ ಬೆನ್ನು. ಕೈ ತೂರಿಸಿ ತಿರುಗಿಸಲು ನೋಡಿದೆ. ಎರಡು ಬೆರಳು ಮಾತ್ರ ಹೋದವು.

ಸೂಜಿ ಹಾಕಿ ನಲವತ್ತು ನಿಮಿಷ ಆಗಿತ್ತು.

ಅಜ್ಜಿಯ ಪಕ್ಕ ಕೂತು ಕೈ ಹಿಡಿದೆ. ಅಂಗೈ ಒದ್ದೆ. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಬೆವರು. ಕಾಲುಚೀಲದ ಕಾಲು ಮುಟ್ಟಿದರೆ ಮಂಜುಗಡ್ಡೆ. ಇಂಥ ಚಳಿಯಲ್ಲಿ ಯಾರೂ ಬೆವರುವುದಿಲ್ಲ. ಮೊದಲು ಬೂಟು ಹಾಕಿದೆ. ಆಮೇಲೆ ಪರ್ಸು ಬಿಚ್ಚಿ, ಹತ್ತಿ ಒರೆಸಿ, ಬೆರಳಿಗೆ ಚುಚ್ಚಿದೆ. ರಕ್ತ ಬರಲಿಲ್ಲ. ಚಳಿಗೆ ಬೆರಳು ಬಿಳಿಚಿತ್ತು. ನನ್ನ ಎರಡೂ ಅಂಗೈ ನಡುವೆ ಇಟ್ಟು ಉಜ್ಜಿ, ಕಂಕುಳಲ್ಲಿ ಒತ್ತಿ ಹಿಡಿದು, ಮತ್ತೆ ಚುಚ್ಚಿದೆ. ಒಂದು ತೊಟ್ಟು ಬಂತು. ಮಿಷನ್ ಐದು ಎಣಿಸಿ ಐವತ್ತೆರಡು ತೋರಿಸಿತು. ಎಪ್ಪತ್ತಕ್ಕಿಂತ ಇಳಿದರೆ ಕೂಡಲೇ ಸಿಹಿ ಕೊಡಬೇಕು ಅಂತ ಮಗಳು ಹೇಳಿದ್ದರು.

ಗ್ಲೂಕೋಸ್ ಪೊಟ್ಟಣಕ್ಕೆ ಕೈ ಹಾಕಿದೆ. ಬೆಳಿಗ್ಗೆ ನಾನೇ ಹರಿದದ್ದು ಆಗ ನೆನಪಾಯಿತು. ಆದರೂ ಪರ್ಸನ್ನು ಎರಡು ಸಲ ತಲೆಕೆಳಗು ಮಾಡಿ ಒದರಿದೆ.

"ಅಣ್ಣ, ನಿಮ್ ಹತ್ರ ಏನಾದ್ರೂ ಸಿಹಿ ಇದ್ಯಾ? ಏನಾದ್ರೂ?"

ಅವರು ಪ್ಯಾಂಟಿನ, ಕೋಟಿನ, ಒಳಂಗಿಯ ಜೇಬೆಲ್ಲ ತಡಕಿದರು. ಅಡಿಕೆ ಚೂರು, ಲವಂಗ, ಹೋಟೆಲಿನ ಸೋಪು. ಕಡೆಗೆ ಒಂದು ಪೆಪ್ಪರ್‌ಮಿಂಟ್ ಡಬ್ಬಿ ಸಿಕ್ಕಿತು. ನನಗೆ ಹೋದ ಜೀವ ಬಂತು. ಅವರ ಮುಖ ಮಾತ್ರ ಅರಳಲಿಲ್ಲ.

"ಸಕ್ಕರೆ ಇಲ್ದೇ ಇರದು ಕಣಕ್ಕ. ನಂಗೂ ಶುಗರ್ ಅಲ್ವಾ? ಏರ್‌ಪೋರ್ಟಲ್ಲಿ ಹುಡುಕಿ ತಗಂಡಿದ್ದೆ."

ಅಜ್ಜಿ ಗೋಡೆಗೆ ಒರಗಿದರು. "ನಿದ್ದೆ ಬತ್ತದೆ ಕಣ್ ಮಗ. ಒಂಚೂರ್ ಮನೀಕ್ಕತೀನಿ."

"ಬೇಡ ಅವ್ವ. ಮಾತಾಡಿ. ನಿಮ್ ಮನೆ ಹಸು ಎಷ್ಟು ಹಾಲು ಕರೀತದೆ ಅಂದ್ರಿ ನಿನ್ನೆ?"

"ಯಾವ್ ಹಸ?" ಅಂದರು. ಬೆಳಿಗ್ಗೆ ತಾನೇ ಆ ಹಸುವಿನ ಹೆಸರು ಹಿಡಿದು ಮಗಳ ಹತ್ತಿರ ಕೊರಗಿದ್ದವರು.

ಆಗ ನಾನು ಮೆಟ್ಟಿಲ ಮೇಲಿನ ಜೇನು ನೋಡಿದೆ. ಮೊದಲೂ ಕಣ್ಣಿಗೆ ಬಿದ್ದಿತ್ತು. ಆದರೆ ಅದು ತಿನ್ನುವ ವಸ್ತು ಅಂತ ಮನಸ್ಸಿಗೆ ಬಂದಿರಲಿಲ್ಲ. ಎಡೆಗೆ ಇಟ್ಟದ್ದನ್ನು ನಮ್ಮ ಕಣ್ಣು ಹಾಗೆ ನೋಡುವುದೇ ಇಲ್ಲ. ಎಷ್ಟೋ ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ದೇವರಿಗೆ ತೆಗೆದಿಟ್ಟ ಸೌಟನ್ನು ಗಂಟೆ ಆಡಿಸುವ ಮುಂಚೆ ಯಾರೂ ಮುಟ್ಟಿಲ್ಲ, ಮುಟ್ಟಲು ನಾನು ಬಿಟ್ಟಿಲ್ಲ. ಇದು ಬೇರೆಯವರ ದೇವರು, ಬೇರೆಯವರು ಬೆಳೆದದ್ದು, ಇಟ್ಟವರು ಯಾರೂ ಹತ್ತಿರ ಇಲ್ಲ.

ಯಜಮಾನರಿಗೆ ನನ್ನ ಮನಸ್ಸು ತಿಳಿಯಿತು. ಕಣ್ಣಲ್ಲೇ ಮೂಲೆ ತೋರಿಸಿದರು. ಅಲ್ಲಿ ಕ್ಯಾಮೆರಾ ಇತ್ತು. "ನಾಳೆ ಪೇಪರ್ನಾಗ್ ಬತ್ತದೆ ಕಣಕ್ಕ, ಕೆ.ಆರ್. ನಗರದೋನು ದೇವ್ರ ಮುಂದ್ಲ ಎಡೆ ಕದ್ದ ಅಂತ. ನನ್ ಮಗಳ್ ಮದ್ವೆ ಬೇರೆ ಗೊತ್ತ್ ಮಾಡಿವ್ನಿ." ನಗಲು ನೋಡಿದರು, ಆಗಲಿಲ್ಲ. ಅಜ್ಜಿಯ ಕಡೆ ತಿರುಗಿ ಮುಖ ನೋಡಿದರು. ಆಮೇಲೆ, "ತಗಳ್ಳಿ. ಏನ್ ಬಂದ್ರೂ ನಾನೂ ಇದ್ದೆ ಅಂತೀನಿ" ಅಂದರು.

ಚಪ್ಪಲಿ ಬಿಟ್ಟು, ಹಗ್ಗ ದಾಟಿ, ಮೆಟ್ಟಿಲು ಹತ್ತಿ, ಒಂದು ಬಾಟಲಿ ತೆಗೆದುಕೊಂಡೆ. ಮುಚ್ಚಳ ಕದಲಲಿಲ್ಲ. ಹೊಸ ಜೇನು ಅಂಚಿಗೆ ಅಂಟಿ ಗಟ್ಟಿಯಾಗಿತ್ತು. ಉಪ್ಪಿನಕಾಯಿ ಬಾಟಲಿಗೆ ಮಾಡುವ ಹಾಗೆ ಮುಚ್ಚಳದ ಅಂಚನ್ನು ಕಲ್ಲಿಗೆ ಸುತ್ತಲೂ ಮೆಲ್ಲಗೆ ತಟ್ಟಿ, ಸೆರಗು ಸುತ್ತಿ ತಿರುಗಿಸಿದೆ. ಟಕ್ ಅಂತು. ಬೆರಳು ಅದ್ದಿ ಅಜ್ಜಿಯ ತುಟಿಗೆ ಹಿಡಿದೆ.

"ಬಾಯಿ ತೆಗೀರಿ ಅವ್ವ."

ಅವರು ತುಟಿ ಬಿಗಿದರು. ಕಣ್ಣು ಬಾಟಲಿ ನೋಡಿತು, ಮೆಟ್ಟಿಲು ನೋಡಿತು. ಮಂಕು ಕವಿದಿದ್ದರೂ ಅದೊಂದು ಮಾತ್ರ ಅವರಿಗೆ ಸ್ಪಷ್ಟವಾಗಿತ್ತು.

"ಎಡೆ ಇಟ್ಟದ್ದ ಎತ್ಕಂಡ್ಯಾ?"

"ಜೀವ ಹೋಗ್ತದೆ ಅವ್ವ, ಬಾಯಿ ತೆಗೀರಿ."

"ಓದ್ರೆ ಓಗ್ಲಿ ಬುಡು. ದೇವ್ರಿಗೆ ಇಟ್ಟದ್ದು ದೇವ್ರಿಗೆ ಆಗ್ದೆ ನಾನ್ ಮುಟ್ಟಕ್ಕಿಲ್ಲ."

ಬಲವಂತ ಮಾಡಿದರೆ ಉಗಿಯುತ್ತಾರೆ, ಇಲ್ಲವೇ ನೆತ್ತಿಗೇರುತ್ತದೆ. ಬೈದರೆ ಹಟ ಜಾಸ್ತಿ. ಅವರ ಮಾತು ತಪ್ಪು ಅಂತ ಹೇಳಲೂ ನನಗೆ ಬಾಯಿಲ್ಲ, ಯಾಕೆಂದರೆ ನಾನೂ ಅದನ್ನೇ ನಂಬಿದವಳು. ವಾದ್ಯದವನು ಅದೇ ಸಾಲನ್ನು ತಪ್ಪಿ ತಪ್ಪಿ ಮತ್ತೆ ನುಡಿಸುತ್ತಿದ್ದ. ಅಜ್ಜಿಯ ರೆಪ್ಪೆ ಇಳಿಯುತ್ತಿತ್ತು.

"ದೇವ್ರಿಗೆ ಆಗಿದೆ ಅವ್ವ" ಅಂದೆ. "ಈಗ ಹನ್ನೆರಡು ಗಂಟೆಗೆ ಹೊಡೀಲಿಲ್ವಾ, ಕಿವಿ ಕಿತ್ತೋಗೋ ಹಾಗೆ? ಅದು ಯಾತಕ್ಕೆ ಅಂದ್ಕೊಂಡ್ರಿ? ಇವರ ನೈವೇದ್ಯದ ಗಂಟೆ ಅದು. ನೈವೇದ್ಯ ಆಯ್ತು, ಬಾಗಿಲು ಹಾಕಿದ್ರು. ಈಗ ಇದು ಪ್ರಸಾದ."

ಆ ಗಂಟೆ ಯಾತಕ್ಕೆ ಹೊಡೆಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಯಾರನ್ನೂ ಕೇಳಿಲ್ಲ.

"ಹೂಂ ಕಣಜ್ಜಿ" ಅಂದರು ಯಜಮಾನರು. "ನಂಗೆ ಮ್ಯಾನೇಜರ್ರೂ ಹೇಳಿದ್ರು."

ಅಜ್ಜಿ ನನ್ನ ಮುಖ ನೋಡಿದರು. ತುಂಬ ಹೊತ್ತು ನೋಡಿದ ಹಾಗೆ ನನಗನಿಸಿತು. ಆಮೇಲೆ ಬಾಯಿ ತೆರೆದರು.

ಒಂದೊಂದೇ ಬೆರಳು ಜೇನು. ನಾಲಿಗೆಯ ಮೇಲಲ್ಲ, ಕೆನ್ನೆಯ ಒಳಗೆ ಸವರಿ, ನುಂಗಿದ್ದು ಗಂಟಲಲ್ಲಿ ನೋಡಿ, ಮತ್ತೊಂದು. ಆರು ಬೆರಳು ಆಯಿತು. ಗಡಿಯಾರ ನೋಡಿ ಹದಿನೈದು ನಿಮಿಷ ಕಾದೆ. ಅಷ್ಟು ಉದ್ದದ ಹದಿನೈದು ನಿಮಿಷವನ್ನು ನಾನು ಕಂಡಿಲ್ಲ. ಯಜಮಾನರು ಅಜ್ಜಿಯ ಕಾಲನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ, ಮಲಗಲು ಬಿಡದೆ ಏನೇನೋ ಕೇಳುತ್ತಿದ್ದರು. ಮತ್ತೆ ಚುಚ್ಚಿದೆ. ಅರವತ್ತೊಂಬತ್ತು. ಇನ್ನೂ ನಾಲ್ಕು ಬೆರಳು ಜೇನು, ಮೇಲೆ ರೊಟ್ಟಿ ಮುರಿದು ಎರಡು ಚೂರು. ಮತ್ತೆ ಕಾದೆ. ತೊಂಬತ್ತೇಳು.

"ಆ ಹಸ ಎರಡೊತ್ತೂ ಸೇರಿ ಹನ್ನೆಲ್ಡು ಲೀಟರ್ ಕರೀತದೆ" ಅಂದರು ಅಜ್ಜಿ. "ಮೊದ್ಲೇ ಹೇಳಿರ್ನಿಲ್ವಾ?"

ಯಜಮಾನರು ಮುಖ ಆಚೆ ತಿರುಗಿಸಿ ಟೋಪಿಯಲ್ಲಿ ಕಣ್ಣು ಒರೆಸಿಕೊಂಡರು.

ಒಂದೂವರೆಗೆ ವಾದ್ಯ ನಿಂತಿತು. ಬೀಗದ ಗೊಂಚಲಿನ ಸದ್ದು ಬಂತು. ಈ ಸಲ ಕಣ್ಣು ಮುಚ್ಚಲಿಲ್ಲ. ಜಾಲರಿ ಹಿಡಿದು ನಿಂತೆ. ಬಂದವರು ವಯಸ್ಸಾದವರು, ಉದ್ದ ಕಪ್ಪು ಕೋಟು. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಹೋದರು. ಬಾಗಿಲು ತೆಗೆದು, ಬೆಂಚಿನ ಮೇಲಿನ ಅಜ್ಜಿ, ಮುರಿದ ರೊಟ್ಟಿ, ಬಿಚ್ಚಿದ ಬಾಟಲಿ ಎಲ್ಲವನ್ನೂ ನೋಡಿದರು. ಅವರ ಭಾಷೆಯಲ್ಲಿ ಏನೋ ಕೇಳಿದರು. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ಮಿಷನ್ ತೋರಿಸಿದೆ. ಅದರಲ್ಲಿ ಹಿಂದಿನ ಲೆಕ್ಕ ಉಳಿದಿರುತ್ತದೆ, ಗುಂಡಿ ಒತ್ತಿ ಐವತ್ತೆರಡನ್ನು ತಂದೆ. ಸೂಜಿಯ ಪೆನ್ನು ತೋರಿಸಿದೆ. ನನ್ನ ಬಾಯಲ್ಲಿ ಬಂದದ್ದು "ಶುಗರ್, ಡಯಾಬಿಟಿಸ್" ಅನ್ನುವ ಎರಡೇ ಮಾತು.

ಅವರು ಆ ಅಂಕಿಯನ್ನು ನೋಡಿ ಹುಬ್ಬು ಏರಿಸಿದರು. ಬೀಗದ ಗೊಂಚಲನ್ನು ಬೆಂಚಿನ ಮೇಲೆ ಇಟ್ಟು ಅವಸರದಿಂದ ಹೋದರು. ಪೊಲೀಸರನ್ನು ಕರೆಯಲು ಅಂತ ಯಜಮಾನರು ಅಂದುಕೊಂಡರು. ಬಂದಾಗ ಕೈಯಲ್ಲಿ ಒಂದು ಲೋಟ ಬಿಸಿ ನೀರು. ಅಜ್ಜಿಗೆ ಕುಡಿಸಿದರು. ಆಮೇಲೆ ಹಗ್ಗ ದಾಟಿ, ಮೆಟ್ಟಿಲ ಮೇಲಿಂದ ಒಂದು ದ್ರಾಕ್ಷಿ ಗೊಂಚಲು ಎತ್ತಿ, ಕೋಟಿನ ತೋಳಿಗೆ ಒರೆಸಿ, ಅಜ್ಜಿಯ ಮುಂದೆ ಬಾಗಿ ಹಿಡಿದರು.

ಅಜ್ಜಿ ಸೆರಗು ಸರಿ ಮಾಡಿಕೊಂಡು, ಎಡಗೈ ಮೇಲೆ ಬಲಗೈ ಇಟ್ಟು ಚಾಚಿದರು. ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಒಂದು ಹಣ್ಣು ತಾವು ಬಾಯಿಗೆ ಹಾಕಿ, ನನಗೊಂದು, ಯಜಮಾನರಿಗೊಂದು ಕೊಟ್ಟರು.

"ಇದು ಪ್ರಸಾದ" ಅಂದರು. ನನ್ನ ಕಡೆ ನೋಡಿ ತಗ್ಗಿದ ದನಿಯಲ್ಲಿ, "ಆಗ ನೀನ್ ಕೊಟ್ಟದ್ದು ಔಸ್ದಿ. ಅಷ್ಟ್ ಗೊತ್ತಾಗಕ್ಕಿಲ್ವಾ ನಂಗೆ?"

ಹೊರಗೆ ಮ್ಯಾನೇಜರ್ ಎರಡು ಸಲ ಬಂದು ಬಾಗಿಲು ಬಡಿದು, ನಾವು ಎಲ್ಲೋ ಅಂಗಡಿ ಬೀದಿಗೆ ಹೋಗಿರಬೇಕು ಅಂತ ಊರೆಲ್ಲ ಹುಡುಕಿ, ಬೆವೆತು ನಿಂತಿದ್ದರು. ಅಜ್ಜಿಯ ತಟ್ಟೆ ಮುಚ್ಚಿಟ್ಟಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿ ಮೊಸರನ್ನ ತಿನ್ನಿಸಿದೆ.

"ಮಗಳ್ಗೆ ಹೇಳ್ಬ್ಯಾಡ" ಅಂದರು ಅಜ್ಜಿ ದಾರಿಯಲ್ಲಿ. ಹೋಟೆಲಿಗೆ ಹೋದ ಕೂಡಲೇ ನಾನು ಹೇಳಿದೆ. ತಟ್ಟೆ ನೋಡದೆ ಸೂಜಿ ಹಾಕಿದ್ದು, ಪೊಟ್ಟಣ ಇಡಲು ಮರೆತದ್ದು, ಎರಡನೇ ಸುತ್ತಿಗೆ ಬಿಟ್ಟದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ನಿಂತುಕೊಂಡೇ ಹೇಳಿದೆ. ಜ್ವರ ಇಳಿದಿತ್ತು ಅವರಿಗೆ. ಎದ್ದು ಕೂತು ಕೇಳಿಸಿಕೊಂಡರು.

"ಆ ಪೊಟ್ಣ ಬೆಳಿಗ್ಗೆ ನಾನ್ ಕುಡ್ದಿದ್ದಾ?" ಅಂದರು ಕೊನೆಗೆ.

"ನಾನು ಕುಡಿಸಿದ್ದು."

ಅವರು ನೀಲಿ ಪರ್ಸು ವಾಪಸ್ ಕೇಳುತ್ತಾರೆ ಅಂತ ಕುತ್ತಿಗೆಯಿಂದ ತೆಗೆದೆ. ಕೈಗೆ ತೆಗೆದುಕೊಂಡರು. ತಮ್ಮ ಚೀಲದಿಂದ ಎರಡು ಗ್ಲೂಕೋಸ್ ಪೊಟ್ಟಣ ತೆಗೆದು ಒಳಗೆ ಹಾಕಿ, ಜಿಪ್ ಎಳೆದು, ಮತ್ತೆ ನನ್ನ ಕೈಗೇ ಇಟ್ಟರು. "ರಾತ್ರಿ ಸೂಜಿ ನೀವೇ ಹಾಕಿ ಅಕ್ಕ. ನನ್ ಕೈ ಇನ್ನೂ ನಡುಗ್ತದೆ" ಅಂದರು.

ಏಳು ಗಂಟೆಗೆ ಊಟ. ಎಲ್ಲರಿಗೂ ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಅನ್ನ. ಮಗಳಿಗೆ ಮೆಣಸಿನ ಸಾರು. ಅಜ್ಜಿಯ ತಟ್ಟೆಯಲ್ಲಿ ಅರ್ಧ ಮುದ್ದೆ, ಸಾರು ಬಡಿಸಿ, ತಟ್ಟೆ ಅವರ ತೊಡೆಯ ಮೇಲೆ ಇಟ್ಟ ಮೇಲೆ ಸೂಜಿ ತೆಗೆದೆ. ಅವರು ಪೂರ್ತಿ ಉಂಡರು, ಇನ್ನೊಂದು ಸೌಟು ಸಾರು ಕೇಳಿದರು. ಯಜಮಾನರು ಎರಡು ಮುದ್ದೆ ಉಂಡು, ಸಾರಿಗೆ ಉಪ್ಪು ಕಮ್ಮಿ ಅಂತ ಎಲ್ಲರಿಗೂ ಕೇಳುವಂತೆ ಹೇಳಿ, ಕುಕ್ಕರು ತಾವೇ ತೊಳೆದಿಟ್ಟರು. ಮಲಗುವ ಮುಂಚೆ ನೋಡಿದಾಗ ಮಿಷನ್ ನೂರಾ ನಲವತ್ತು ತೋರಿಸಿತು.

"ಈಗ್ಲಾದ್ರೂ ಮನೀಕ್ಕಳ್ಳಾ?" ಅಂದರು ಅಜ್ಜಿ. "ಮದ್ಯಾನ ಬುಡ್ನೇ ಇಲ್ಲ ನೀನು."

"ಮನೀಕ್ಕಳಿ ಅವ್ವ" ಅಂದು ರಗ್ಗು ಹೊದಿಸಿದೆ.

ಮೊದಲು ನಿದ್ದೆ ಹೋದವರು ಅಜ್ಜಿ. ನಾನು ಎಬ್ಬಿಸಲಿಲ್ಲ.